ಅಮಾವಾಸ್ಯೆಯ ಸೂಜಿ

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ನೌಕರಿಯಲ್ಲಿ ಇರುವಷ್ಟು ದಿನ ನೌಕರಿಯ ನೆವ ಹೇಳಿದೆ. ಆಮೇಲೆ ಮಕ್ಕಳ ಮದುವೆ ಮುಗಿಯಲಿ ಎಂದೆ. ಅದಾದ ಮೇಲೆ, ಕಣ್ಣು ಮಂಜಾಗಿದೆ, ಪೊರೆ ತೆಗೆಸಿಕೊಂಡು ಬರೆಯೋಣ ಎಂದೆ. ಪೊರೆ ತೆಗೆಸಿದ್ದಾಯಿತು. ಈಗ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ, ನೆವ ಮಾತ್ರ ಸಿಗುತ್ತಿಲ್ಲ.

ಹೋದ ವಾರ ಹುನಗುಂದದ ಬಸ್ ನಿಲ್ದಾಣದಲ್ಲಿ ಇಳಕಲ್ಲಿನ ಹಳೆಯ ಪರಿಚಯದವನೊಬ್ಬ ಸಿಕ್ಕು, "ಕಾಕಾ, ನಿಮ್ಮ ಡಾಕ್ಟರ್ ಬಾಯಿ ತೀರಿಕೊಂಡ್ರಂತ, ಗೊತ್ತಾತೇನ್ರಿ?" ಎಂದ. ನಿಮ್ಮ ಡಾಕ್ಟರ್ ಬಾಯಿ ಎಂದನಲ್ಲ, ಆ "ನಿಮ್ಮ" ಎಂಬ ಮಾತು ಎದೆಗೆ ನಾಟಿತು. ನನ್ನ ಬಸ್ ಬಂತು, ಹೋಯಿತು. ನಾನು ಕಲ್ಲುಬೆಂಚಿನ ಮೇಲೆಯೇ ಕೂತಿದ್ದೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಹೊಗಳುವುದೂ ತೆಗಳುವುದೂ ಅವರಿಗೆ ಸೇರುತ್ತಿರಲಿಲ್ಲ. ಗಿಡ್ಡ ಆಳು, ದುಂಡನೆಯ ಮೈ, ಔಷಧದ ಚೀಲ ಹೊತ್ತು ಹೊತ್ತು ಎಡಭುಜ ಸ್ವಲ್ಪ ಇಳಿದಿತ್ತು. ಮದುವೆಯಾಗಿರಲಿಲ್ಲ. ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಡುವ ಮುಂಚೆ ಅದರ ಬಿಲ್ಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. ಕಡುಬೇಸಿಗೆಯಲ್ಲೂ ಹಾಗೆಯೇ. "ಬ್ಯಾಸಗಿ ಐತ್ರಿ ಬಾಯಾರ, ಅದು ತಾನಾಗೇ ಕಾದೈತಿ" ಎಂದು ನಾನು ಒಮ್ಮೆ ಹೇಳಿದ್ದಕ್ಕೆ, "ಕೈಗೆ ರೂಢಿ ತಪ್ಪಬಾರದೋ. ಬ್ಯಾಸಗ್ಯಾಗ ಬಿಟ್ರ ಚಳಿಗಾಲಕ್ಕೂ ಬಿಡ್ತೈತಿ" ಎಂದರು.

ಅವರದೊಂದು ವಿಚಿತ್ರವಿತ್ತು. ಸಮಾಧಾನದಲ್ಲಿದ್ದಾಗ ನನ್ನನ್ನು "ನೀ" ಎನ್ನುತ್ತಿದ್ದರು. ಸಿಟ್ಟು ಬಂದರೆ ಬಹುವಚನ. "ಬರ್ರಿ ಸಾಹೇಬ್ರ, ಕೂಡ್ರಿ" ಎಂದರೆ ಆ ದಿನ ನನ್ನ ಗ್ರಹಚಾರ ನೆಟ್ಟಗಿಲ್ಲ ಎಂದೇ ಅರ್ಥ. ಬೈಗುಳ ತಿನ್ನುವುದು ನನಗೆ ಕಷ್ಟವಾಗುತ್ತಿರಲಿಲ್ಲ. ಆ "ರಿ"ಗೆ ಹೆದರುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ಅಪ್ಪನ ಮಗ್ಗದ ಕುಣಿಗೆ ಇಳಿಯುವ ಮನಸ್ಸಿಲ್ಲದೆ ಇಳಕಲ್ಲಿನಲ್ಲಿ ಸೈಕಲ್ ತುಳಿದುಕೊಂಡಿದ್ದೆ. ಆಗ ಅವರು ದೊಡ್ಡ ದವಾಖಾನೆಯ ಕೆಲಸ ಬಿಟ್ಟು ಒಂದು ಸರಕಾರಿ ಸಂಶೋಧನೆಗೆಂದು ನಮ್ಮೂರಿಗೆ ಬಂದರು. ಓಣಿ ಗೊತ್ತಿದ್ದ, ಸೈಕಲ್ ಇದ್ದ, ಬರೆಯಲು ಬರುವ ಆಳು ಬೇಕಾಗಿತ್ತು. ನಾನು ಸಿಕ್ಕೆ.

ಅವರು ಹುಡುಕಿಕೊಂಡು ಬಂದದ್ದು ಮಕ್ಕಳ ಒಂದು ರೋಗವನ್ನು. ಮೊದಲು ಗಂಟಲು ಬೇನೆ, ಜ್ವರ. ಕೆಲವು ದಿನಗಳ ಮೇಲೆ ಮೊಣಕಾಲು, ಮೊಣಕೈ ಬಾತು ನೋಯುತ್ತವೆ. ಅದೂ ವಾಸಿಯಾಗುತ್ತದೆ, ತಾಯಂದಿರು ಮರೆಯುತ್ತಾರೆ. ಆದರೆ ಅಷ್ಟರಲ್ಲಿ ಒಳಗೆ ಹೃದಯಕ್ಕೆ ಪೆಟ್ಟು ಬಿದ್ದಿರುತ್ತದೆ. "ಎದಿಯಾಗ ಸಣ್ಣ ಸಣ್ಣ ಬಾಗಿಲ ಅದಾವ್ವಾ" ಎಂದು ಅವರು ತಾಯಂದಿರಿಗೆ ಹೇಳುತ್ತಿದ್ದರು, "ಈ ಬ್ಯಾನಿ ಬಂದು ಹೋದಾಗೊಮ್ಮೆ ಬಾಗಿಲ ಸೆಟಿತಾವ. ಪೂರಾ ಸೆಟಿದ್ರ ಮುಚ್ಚಾಕೂ ಬರೂದಿಲ್ಲ, ತೆರಿಯಾಕೂ ಬರೂದಿಲ್ಲ." ಬೇನೆ ಮತ್ತೆ ಮತ್ತೆ ಬಾರದಂತೆ ತಡೆಯುವುದೇ ಮದ್ದು. ಅದಕ್ಕೆ ತಿಂಗಳಿಗೊಂದು ಪೆನಿಸಿಲಿನ್ ಸೂಜಿ, ವರ್ಷಗಟ್ಟಲೆ. ಯಾವ ಮನೆಯಲ್ಲಿ ಈ ಬೇನೆ ಹೆಚ್ಚು, ಯಾಕೆ ಹೆಚ್ಚು, ಸೂಜಿ ಬಿಡದೆ ಹಾಕಿಸಿಕೊಂಡ ಮಕ್ಕಳು ಏನಾದರು, ಬಿಟ್ಟವರು ಏನಾದರು, ಇದನ್ನೆಲ್ಲ ಕಂಡುಹಿಡಿಯುವುದು ಅವರ ಕೆಲಸ.

ನೇಕಾರರ ಮನೆಯಲ್ಲಿ ನಡುಮನೆಯನ್ನು ಮಗ್ಗವೇ ತಿಂದಿರುತ್ತದೆ. ಉಳಿದ ಜಾಗದಲ್ಲಿ ಎಲ್ಲರೂ ಒತ್ತಿಕೊಂಡು ಮಲಗುವುದು, ಒಬ್ಬರ ಕೆಮ್ಮು ಇನ್ನೊಬ್ಬರ ಮುಖಕ್ಕೆ. ಬಾಯಿಯವರ ಗುಮಾನಿ ಇದರ ಮೇಲೆಯೇ. ಹಾಗಾಗಿ ಮನೆಮನೆಗೆ ಹೋಗಿ ಹಾಸಿಗೆ ಕೇಳುತ್ತಿದ್ದರು.

"ಈ ಮನ್ಯಾಗ ಎಷ್ಟು ಮಂದಿ ಮಲಗ್ತೀರೆವ್ವಾ?"

"ಯಾವ ದಿನದ್ದ ಹೇಳ್ಲಿ ಬಾಯಾರ? ಬೀಗರು ಬಂದ ದಿನ ಬ್ಯಾರೆ. ಗಂಡ ಸಿಟ್ಟಾಗಿ ಕಟ್ಟಿಮ್ಯಾಗ ಮಲಗಿದ ದಿನ ಬ್ಯಾರೆ."

"ಗಂಡ ಸಿಟ್ಟಾಗದ ದಿನದ್ದ ಹೇಳು."

"ಹಂಗಾದ್ರ ಬರ್ಕೋಬ್ಯಾಡ್ರಿ. ಅಂಥಾ ದಿನ ಇನ್ನೂ ಬಂದಿಲ್ಲ."

ಬಾಯಿಯವರು ನಕ್ಕರೆ ಸದ್ದು ಬರುತ್ತಿರಲಿಲ್ಲ, ಇಡೀ ಮೈ ಕುಲುಕುತ್ತಿತ್ತು. ಆ ದಿನ ಪಕ್ಕದ ಮನೆಯ ಹಾಸಿಗೆ ಕೇಳುವವರೆಗೂ ಕುಲುಕುತ್ತಲೇ ಇದ್ದರು.

ಮೊದಲು ಸೂಜಿಗೆ ಬುಧವಾರ ಗೊತ್ತು ಮಾಡಿದ್ದರು. ಯಾರೂ ಬರಲಿಲ್ಲ. ಓಣಿಯ ಹಿರಿಯರೊಬ್ಬರು ಮಗ್ಗದ ಕುಣಿಯಲ್ಲಿ ಕಾಲಿಟ್ಟುಕೊಂಡೇ, "ಬುಧವಾರ ಮಗ್ಗ ನಿಂತ್ರ ನಿಮ್ಮ ಸರಕಾರ ಕೂಲಿ ಕೊಡತೈತೇನ್ರಿ?" ಎಂದು ಕೇಳಿದರು.

"ನಿಮ್ಮ ಮಗ್ಗ ಎಂದ ನಿಂದರತೈತಿ ಹಿರ್ಯಾರ?"

"ಅಮಾಸಿಗೆ."

"ಹಂಗಾದ್ರ ಅಮಾಸಿಗೇ ಬರ್ರಿ."

"ಛೆ ಛೆ. ಅಮಾಸಿ ದಿನ ಕೂಸಿಗೆ ಸೂಜಿ ಚುಚ್ಚಸೂದ?"

"ಅಮಾಸಿ ದಿನ ಹೋಳಿಗಿ ಹೊಟ್ಟಿಗೆ ನಡೀತೈತಿ, ಸೂಜಿ ಕುಂಡಿಗೆ ನಡಿಯೂದಿಲ್ಲೇನ್ರಿ?"

ಓಣಿಗೆ ಓಣಿಯೇ ನಕ್ಕಿತು. ಅಂದಿನಿಂದ ಪ್ರತಿ ಅಮಾವಾಸ್ಯೆ ಓಣಿಯ ಮಠದ ಪಡಸಾಲೆಯಲ್ಲಿ ಸೂಜಿ. ಆ ಔಷಧ ನೀರಿಗೆ ಕಲಸಿದರೆ ತೆಳು ಸುಣ್ಣದಂತೆ ಬೆಳ್ಳಗಾಗುತ್ತಿತ್ತು. ತಡ ಮಾಡಿದರೆ ಸೂಜಿಯೊಳಗೇ ಕಟ್ಟಿಕೊಳ್ಳುತ್ತಿತ್ತು. ಮಕ್ಕಳು ಅದಕ್ಕೆ ಸುಣ್ಣದ ಸೂಜಿ ಎಂದು ಹೆಸರಿಟ್ಟರು. ಚುಚ್ಚಿಸಿಕೊಂಡವರು ಕುಂಟುತ್ತ ಮನೆಗೆ ಹೋಗಿ ಹೋಳಿಗೆ ಉಣ್ಣುವುದು, ಕಾಲು ನೀಡಿ ಮಲಗುವುದು. ಒಂದು ವರ್ಷದೊಳಗೆ ಅದು ನಮ್ಮಲ್ಲಿ ಅಮಾವಾಸ್ಯೆಯ ಒಂದು ಪದ್ಧತಿಯೇ ಆಗಿಹೋಯಿತು.

ಬಾದಾಮಿಯ ಕಡೆಯಿಂದ ನೇಯ್ಗೆಗೆ ಬಂದಿದ್ದ ಒಂದು ಕುಟುಂಬದಲ್ಲಿ ಹನಮಂತ ಎಂಬ ಹುಡುಗನಿದ್ದ. ಎದೆಯ ಸದ್ದು ಬಹಳ ಕೆಟ್ಟಿತ್ತು. ನಡುವೆ ಆ ಮನೆಯವರು ಹೇಳದೆ ಕೇಳದೆ ಊರು ಬಿಟ್ಟು ಬಾದಾಮಿಗೆ ಮರಳಿದರು. ಹೋದವನು ಹೋದ, ಅವನ ಹೆಸರಿನ ಮುಂದೆ ಗೆರೆ ಎಳೆಯೋಣ ಎಂದೆ ನಾನು.

"ಸಾಹೇಬ್ರ," ಎಂದರು. ನಾನು ತಲೆ ತಗ್ಗಿಸಿದೆ. "ಬಂದವರನ್ನಷ್ಟ ನೋಡಿ ಬರದ್ರ, ನಮ್ಮ ಔಷಧ ತಗೊಂಡವರೆಲ್ಲಾ ಆರಾಮ ಅದಾರ ಅಂತ ಬರೀಬೇಕಾಕ್ಕತಿ. ಬರದವರು ಎಲ್ಲಿ ಹೋದ್ರು? ಸತ್ರೋ ಏನು? ನಾಳಿ ಮುಂಜಾನೆ ಬಸ್ಸಿಗೆ ಬರ್ರಿ."

ಬಾದಾಮಿಯಲ್ಲಿ ಹುಡುಗ ನಮ್ಮನ್ನು ಕಂಡು ಓಡಿಹೋಗಿ ಹೊಂಡದ ಮೆಟ್ಟಿಲ ಮೇಲೆ ಅರಿವೆ ಒಗೆಯುವ ಹೆಂಗಸರ ನಡುವೆ ಅಡಗಿ ಕೂತ. ಬಾಯಿಯವರು ಬೆನ್ನಟ್ಟಲಿಲ್ಲ. ಬಿಸಿಲಲ್ಲಿ ಎರಡು ಮೆಟ್ಟಿಲು ಮೇಲೆ ಕೂತು, ಗುಡ್ಡದ ಮೇಲಿನ ಮಂಗಗಳನ್ನು ನೋಡುತ್ತ ಪೇರಲಹಣ್ಣು ತಿನ್ನತೊಡಗಿದರು. ಸಾಕಷ್ಟು ಹೊತ್ತಾದ ಮೇಲೆ ಹುಡುಗನೇ ಬಂದು, "ನನಗೊಂದ ಕೊಡ್ರಿ" ಎಂದ. ಹಣ್ಣು ಕೊಟ್ಟು, ಅಲ್ಲೇ ಮೆಟ್ಟಿಲ ಮೇಲೆ ಮೊದಲು ಎದೆ ಕೇಳಿ ಆಮೇಲೆ ಸೂಜಿ ಹಾಕಿದರು. ಮುಂದಿನ ಅಮಾವಾಸ್ಯೆಯಿಂದ ಅವನಪ್ಪನೇ ಅವನನ್ನು ಬಸ್ಸಿಗೆ ಕರೆತರತೊಡಗಿದ.

ಅವರು ಕಂಡುಕೊಂಡ ದೊಡ್ಡ ಸಂಗತಿ ಇನ್ನೊಂದು. ಸೂಜಿ ತಪ್ಪಿಸದ ಮಕ್ಕಳಲ್ಲೂ ಕೆಲವರಿಗೆ ಜ್ವರ, ಕೀಲುಬೇನೆ ಮರಳುತ್ತಿತ್ತು. ಅದೂ ಹೆಚ್ಚಾಗಿ ಅಮಾವಾಸ್ಯೆಗೆ ನಾಲ್ಕಾರು ದಿನ ಇರುವಾಗ. ಅದೇ ಹಿರಿಯರು ನಕ್ಕರು: "ಅಮಾಸಿ ಹತ್ರ ಬಂದ್ರ ಎಲ್ಲಾ ಬ್ಯಾನೀನೂ ಏಳ್ತಾವು. ಇದನ್ನ ತಿಳಕೊಳ್ಳಾಕ ಡಾಕ್ಟರ್ಕಿ ಓದಬೇಕೇನ್ರಿ?"

"ಅಮಾಸಿದಲ್ಲ ಹಿರ್ಯಾರ. ಹೋದ ಅಮಾಸಿ ಸೂಜಿ ಅಷ್ಟೊತ್ತಿಗೆ ತೀರಿರತೈತಿ. ದೀಪದಾಗಿನ ಎಣ್ಣಿ ಮುಗಿದಂಗ."

ಹಾಗೆಂದು ಸುಮ್ಮನೆ ಕೂರಲಿಲ್ಲ. ಕೆಲವು ಓಣಿಗಳ ಮಕ್ಕಳಿಗೆ ಮೂರು ವಾರಕ್ಕೊಮ್ಮೆ, ಉಳಿದವರಿಗೆ ಮೊದಲಿನಂತೆ ಅಮಾವಾಸ್ಯೆಗೆ ಹಾಕಿ ಹೋಲಿಸಿ ನೋಡಿದರು. ಮೂರು ವಾರದ ಲೆಕ್ಕಕ್ಕೆ ರಜೆಯಿಲ್ಲವಲ್ಲ, ತಾವೇ ಮನೆಮನೆಗೆ ಹೋಗಿ, ಅಪ್ಪ ಲಾಳಿ ಎಸೆಯುತ್ತಿರುವಾಗಲೇ ಮಗ್ಗದ ಪಕ್ಕ ಮಗುವನ್ನು ಬೋರಲು ಮಲಗಿಸಿ ಸೂಜಿ ಹಾಕಿದರು. ವರ್ಷ ಕಳೆದ ಮೇಲೆ ನೋಡಿದರೆ ಆ ಓಣಿಗಳಲ್ಲಿ ಜ್ವರ ಮರಳಿದ್ದು ತೀರ ಕಡಿಮೆ. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ. ಅಮೀನಗಡದ ಕರದಂಟು ತರಿಸಿ ಕಂಡವರಿಗೆಲ್ಲ ಹಂಚಿದರು. ಇನ್ನು ಎಲ್ಲ ಮಕ್ಕಳಿಗೂ ಮೂರು ವಾರಕ್ಕೊಮ್ಮೆ ಎಂದು ನಿಶ್ಚಯಿಸಿ ಏರ್ಪಾಡು ಶುರು ಮಾಡಿದರು. ಅಷ್ಟರಲ್ಲಿ ಆ ಅಮಾವಾಸ್ಯೆ ಬಂತು.

ಇಲ್ಲಿಯವರೆಗೆ ಬರೆಯುವುದು ಸುಲಭವಾಗಿತ್ತು.

ಬಾಯಿಯವರು ನನಗೆ ಹಾಕಿಕೊಟ್ಟ ನೇಮ ಒಂದೇ. "ಸೂಜಿ ಆದಮ್ಯಾಲೆ ಕೂಸಿಗೆ ಏನಾದ್ರೂ ನನಗ ಹೇಳು. ಸೊಳ್ಳಿ ಕಡದ್ರೂ ಹೇಳು. ಅದು ಸೂಜಿದೋ ಅಲ್ಲೋ ಅನ್ನೂದು ನೀ ತೀರ್ಮಾನ ಮಾಡಬ್ಯಾಡ. ನೀ ಹೇಳು, ಅಷ್ಟ." ಎಷ್ಟು ಸಲ ಹೇಳಿದ್ದರೆಂದರೆ ಅವರು ಬಾಯಿ ತೆರೆದರೆ ಸಾಕು, "ಸೊಳ್ಳಿ ಕಡದ್ರೂ ಹೇಳ್ತೇನ್ರಿ" ಎಂದು ನಾನೇ ಮುಗಿಸುತ್ತಿದ್ದೆ.

ನಮ್ಮಕ್ಕನನ್ನು ಇಳಕಲ್ಲಿನಲ್ಲೇ ಕೊಟ್ಟಿತ್ತು. ಅವಳಿಗೆ ಒಬ್ಬಳೇ ಮಗಳು, ಕಸ್ತೂರಿ. ಶಾಲೆಯಲ್ಲಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಮೊಣಕಾಲು ಬಾತಾಗ ಬಾಯಿಯವರ ಬಳಿ ನಾನೇ ಕರೆದೊಯ್ದಿದ್ದೆ. ಅವಳ ಎದೆಗೆ ಆಗಿದ್ದ ಪೆಟ್ಟು ಸಣ್ಣದು. ಸೂಜಿ ತಪ್ಪಿಸದಿದ್ದರೆ ಮುಂದೆ ಮದುವೆ, ಮಕ್ಕಳು ಎಲ್ಲ ಆಗುತ್ತದೆ ಎಂದಿದ್ದರು. ಸೂಜಿಗೆ ಮುಂಚೆ ಕಸ್ತೂರಿ ಸ್ಟೆತಾಸ್ಕೋಪನ್ನು ತನ್ನ ಕಿವಿಗೆ ಹಾಕಿಸಿಕೊಂಡು ತನ್ನ ಎದೆಯನ್ನು ತಾನೇ ಕೇಳಲೇಬೇಕು. "ಐತಿ, ನಡದೈತಿ. ಈಗ ಚುಚ್ಚರಿ" ಎಂದು ಅಪ್ಪಣೆ ಕೊಡುತ್ತಿದ್ದಳು.

ಎಳ್ಳ ಅಮಾವಾಸ್ಯೆಯ ಸಂಜೆ ನಾನು ಅಕ್ಕನ ಮನೆಗೆ ಉಣ್ಣಲು ಹೋದೆ. ಕಸ್ತೂರಿಗೆ ಮುಂಜಾನೆ ಸೂಜಿಯಾಗಿತ್ತು.

"ತಮ್ಮಾ, ಹುಡುಗೀನ ನೋಡಿಲ್ಲೆ. ಮೈತುಂಬ ಗಂಧಿ ಎದ್ದಾವು. ತುಟಿನೂ ಬಾತೈತಿ" ಎಂದಳು ಅಕ್ಕ. ಮೈಮೇಲೆ ಕೆಂಪಗೆ ದಪ್ಪ ದಪ್ಪ ದದ್ದು ಏಳುವುದಕ್ಕೆ ನಮ್ಮಲ್ಲಿ ಗಂಧಿ ಎನ್ನುತ್ತಾರೆ. ಪಿತ್ತ ಕೆರಳಿದರೆ ಏಳುತ್ತವೆ, ಕರಿಕಂಬಳಿಯಿಂದ ತಿಕ್ಕಿದರೆ ಇಳಿಯುತ್ತವೆ ಎಂಬುದು ಎಲ್ಲ ಮನೆಗಳ ನಂಬಿಕೆ.

"ಶೇಂಗಾ ಹೋಳಿಗಿ ಎಷ್ಟು ತಿಂದ್ಲು?" ಎಂದೆ.

"ಎರಡ ತಿಂದಾಳು."

"ಮಾಮಾ, ಮೂರು!" ಎಂದಳು ಕಸ್ತೂರಿ, ಬಾತ ತುಟಿಯಲ್ಲೇ ನಗುತ್ತ.

"ಮತ್ತಿನ್ನೇನು, ಪಿತ್ತ. ಕಂಬಳಿ ತಿಕ್ಕು."

ಅಕ್ಕ ತಿಕ್ಕಿದಳು. ತಿಕ್ಕುತ್ತಲೇ, "ಸೂಜಿದೇನರ ಇದ್ದೀತೇನೋ ತಮ್ಮಾ? ಬಾಯಾರಿಗೆ ಒಂದು ಮಾತು ಹೇಳಿಬಿಡು" ಎಂದಳು.

"ಹೇಳ್ತೇನಿ ಬಿಡು. ಮೊದಲ ಉಣ್ಣಾಕ ಹಾಕು."

ಮರುದಿನ ಗಂಧಿ ಮಾಯವಾಗಿತ್ತು. ಹೇಳುವುದೇನಿದೆ ಎನಿಸಿತು. ಇನ್ನೂ ಒಂದು ಕಾರಣವಿತ್ತು, ಅದನ್ನೂ ಬರೆಯುತ್ತೇನೆ. ನನ್ನ ಪಾಲಿನ ಓಣಿಗಳಲ್ಲಿ ಒಂದು ಮಗುವೂ ಸೂಜಿ ಬಿಟ್ಟಿರಲಿಲ್ಲ. ಬಾಯಿಯವರು ಬೇರೆಯವರ ಮುಂದೆ ಅದನ್ನು ಹೇಳಿ ನನ್ನನ್ನು ಹೊಗಳುತ್ತಿದ್ದರು. ಗಂಧಿಯ ಸುದ್ದಿ ಹೇಳಿದರೆ ಕಸ್ತೂರಿಯ ಸೂಜಿ ನಿಲ್ಲಿಸುತ್ತಾರೆ, ಮೊದಲು ಬಿಡುವವಳು ನನ್ನ ಅಕ್ಕನ ಮಗಳೇ ಆಗುತ್ತಾಳೆ. ಇಷ್ಟು ಸಣ್ಣ ಕಾರಣ.

ಮುಂದಿನ ಅಮಾವಾಸ್ಯೆ ಅಕ್ಕ ಒಲೆಯ ಮುಂದಿದ್ದಳು. ಕಸ್ತೂರಿಯನ್ನು ನಾನೇ ಸೈಕಲ್ ಮೇಲೆ ಮಠಕ್ಕೆ ಕರೆತಂದೆ. ಸಾಲು ಉದ್ದವಿತ್ತು. ಬಾಯಿಯವರು ಎಂದಿನಂತೆ ಕೇಳಿದರು:

"ಹಿಂದಿನ ಸಲ ಸೂಜಿ ಆದಮ್ಯಾಲೆ ಏನರ ತ್ರಾಸ ಆಗಿತ್ತೇನು?"

"ಏನಿಲ್ರಿ" ಎಂದೆ ನಾನು.

ಆಗ ನನಗೆ ಗಂಧಿಯ ನೆನಪೇ ಆಗಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನೆನಪಾಗಿತ್ತು.

ಕಸ್ತೂರಿ ತನ್ನ ಎದೆ ಕೇಳಿಕೊಂಡು, "ಐತಿ, ನಡದೈತಿ" ಎಂದಳು. ಸೂಜಿಯಾಯಿತು. ಎದ್ದು ಕುಂಟುತ್ತ ಪಡಸಾಲೆಯ ಕಂಬದವರೆಗೆ ಹೋದವಳು, "ಮಾಮಾ, ಗಂಟಲ ಹಿಡದಂಗಾಕ್ಕತಿ" ಎಂದು ಕಂಬ ಹಿಡಿದು ಕುಸಿದಳು. ಬಾಯಿಯವರು ಕೈಯಲ್ಲಿದ್ದುದನ್ನೆಲ್ಲ ಚೆಲ್ಲಿ ಓಡಿಬಂದರು. ಅಡ್ರಿನಲಿನ್ ಕೊಟ್ಟರು. ಮತ್ತೆ ಕೊಟ್ಟರು. ಎದೆ ಒತ್ತಿದರು, ಬಾಯಿಗೆ ಬಾಯಿಟ್ಟು ಊದಿದರು. ಯಾರೋ ಓಡಿಹೋಗಿ ಕರೆದರು, ಅಕ್ಕ ಹಿಟ್ಟಿನ ಕೈಯಲ್ಲೇ ಬಂದಳು. ಬರುವಾಗ ಕಂಬಳಿ ತಂದಿದ್ದಳು. ಅದು ಹೇಗೆ ಹೊಳೆಯಿತೋ ಅವಳಿಗೆ. ಮಗಳ ಕಾಲಬುಡದಲ್ಲಿ ಕೂತು ಅಂಗಾಲನ್ನು ಆ ಕಂಬಳಿಯಿಂದ ತಿಕ್ಕತೊಡಗಿದಳು.

ಬಾಯಿಯವರು ಕೊನೆಗೆ ಕೈ ತೆಗೆದಾಗ ಪಡಸಾಲೆ ತುಂಬ ಜನ. ನಮ್ಮ ಮಾವ, ಅಂದರೆ ಅಕ್ಕನ ಗಂಡ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. "ಏನ ಚುಚ್ಚಿದಿ ನನ್ನ ಮಗಳಿಗೆ? ಏನ ಚುಚ್ಚಿದಿ?" ಎಂದು ಕೂಗುತ್ತಿದ್ದ. ಬಾಯಿಯವರು ನನ್ನ ಕಡೆ ತಿರುಗಿದರು. ಬೆವರು, ಕಣ್ಣೀರು ಬೆರೆತ ಆ ಮುಖ ನನಗೆ ಇಂದಿಗೂ ಕಾಣುತ್ತದೆ.

"ಹೋದ ಅಮಾಸಿಗೆ ಈ ಕೂಸಿಗೆ ಏನರ ಆಗಿತ್ತೇನೋ? ಯಾರರ ನಿನಗ ಏನರ ಹೇಳಿದ್ರೇನೋ?"

ಜನರೆಲ್ಲ ನನ್ನ ಬಾಯಿ ನೋಡಿದರು. ಮಾವ ನೋಡಿದ.

"ಇಲ್ರಿ" ಎಂದೆ.

ಅಕ್ಕ ತಲೆಯೆತ್ತಿದಳು. ನನ್ನನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ ಮತ್ತೆ ಮಗಳ ಕಾಲು ತಿಕ್ಕತೊಡಗಿದಳು.

ಮುಂದಿನ ಅಮಾವಾಸ್ಯೆ ಮಠದ ಪಡಸಾಲೆಗೆ ಒಂದು ಮಗುವೂ ಬರಲಿಲ್ಲ. ಬಾಯಿಯವರು ಔಷಧ, ಸೂಜಿ ಎಲ್ಲ ಜೋಡಿಸಿಕೊಂಡು ಮಧ್ಯಾಹ್ನದವರೆಗೆ ಕೂತಿದ್ದರು. ಆಮೇಲೆ ಎದ್ದು ಮನೆಮನೆಗೆ ಹೋದರು. ಹಾಸಿಗೆ ಕೇಳಿದಾಗ ಹಾಸ್ಯ ಮಾಡಿದ್ದ ಅದೇ ಹೆಂಗಸು ಬಾಗಿಲಲ್ಲಿ ಅಡ್ಡ ನಿಂತಳು.

"ಬಾಯಾರ, ಎದಿ ಬ್ಯಾನಿ ಕೊಂದ್ರ ನಿಧಾನಕ್ಕ ಕೊಲ್ಲತೈತಿ. ನಿಮ್ಮ ಸೂಜಿ ನಿಂತ ಕಾಲಮ್ಯಾಗ ಕೊಂದ್ತು. ಒಂದು ಸುಳಿವಿಲ್ಲ, ಸೂಚನಿಲ್ಲ. ನಮ್ಮ ಕೂಸಿಗೆ ನಿಧಾನದ್ದ ಇರಲಿ. ಅಷ್ಟು ದಿನರ ಕಣ್ಣಮುಂದ ಇರತೈತಿ."

ಬಾಯಿಯವರು ಬಾಯಿ ತೆರೆದು, ಏನೂ ಹೇಳದೆ ಮುಚ್ಚಿದರು. ನಾನು ಹಿಂದೆ ಚೀಲ ಹಿಡಿದು ನಿಂತಿದ್ದೆ.

ಆ ದಿನ ದವಾಖಾನೆಗೆ ಬಂದು ಬಾಗಿಲು ಮುಂದೆ ಮಾಡಿ ನನ್ನನ್ನು ಕೂರಿಸಿದರು. "ನೋಡು," ಎಂದರು, "ನನ್ನ ಮ್ಯಾಗ ತಪ್ಪು ಬರಲಿ, ಅಡ್ಡಿಯಿಲ್ಲ. ನನ್ನ ಡಾಕ್ಟರ್ಕಿ ಹೋದ್ರೂ ಅಡ್ಡಿಯಿಲ್ಲ. ಆದ್ರ ಮುಂಚೆ ಒಂದು ಸುಳಿವು ಇತ್ತು, ದವಾಖಾನಿಯವರಿಗೆ ಗೊತ್ತಿತ್ತು, ನಾವು ಲಕ್ಷ್ಯ ಕೊಡಲಿಲ್ಲ ಅಂತ ಆದ್ರ, ನಾ ಓಣ್ಯಾಗ ನಿಂತು ಹೇಳತೇನಿ. ಸುಳಿವು ಇದ್ದ ಕೂಸಿಗೆ ಸೂಜಿ ಬ್ಯಾಡ, ಇಲ್ಲದ ಕೂಸುಗಳಿಗೆ ಅಂಜಿಕಿಲ್ಲ, ಕರಕೊಂಡು ಬರ್ರಿ ಅಂತ. ಬರ್ತಾರೋ, ಆಗ ಬರ್ತಾರ. ಇಲ್ಲಂದ್ರ ಹನಮಂತನಂಥಾವು ಉಳಿಯೂದಿಲ್ಲ." ಎರಡೂ ಕೈಯಿಂದ ನನ್ನ ಕೈ ಹಿಡಿದರು. ಆ ಅಂಗೈ ಬೆಚ್ಚಗಿತ್ತು. "ನೆನಪು ಮಾಡ್ಕೋ. ನಿನ್ನ ಕಿವಿಗೆ ಏನರ ಬಿದ್ದಿತ್ತೇನು?"

ಬೇಡುವಂತೆ ಕೇಳಿದರು. ಅಷ್ಟು ದೊಡ್ಡ ಹೆಂಗಸು ಇಪ್ಪತ್ತೆರಡರ ನನ್ನನ್ನು ಬೇಡಿದರು.

"ಇಲ್ರಿ ಬಾಯಾರ" ಎಂದೆ.

ಸೂಜಿ ಬಿಟ್ಟಿದ್ದ ಹನಮಂತ ಮಳೆಗಾಲದ ಹೊತ್ತಿಗೆ ಮರಳಿ ಬಂದ. ಪಾದ ಬಾತಿದ್ದವು, ಮಲಗಲು ಆಗುತ್ತಿರಲಿಲ್ಲ, ಅಪ್ಪನ ಬೆನ್ನಿಗೆ ಒರಗಿ ಕೂತೇ ಉಸಿರೆಳೆಯುತ್ತಿದ್ದ. ಬಾಯಿಯವರು ಪೇರಲಹಣ್ಣು ತರಿಸಿಕೊಟ್ಟರು. ಕೈಯಲ್ಲಿ ಹಿಡಿದುಕೊಂಡ, ತಿನ್ನಲಾಗಲಿಲ್ಲ. ಬಾಗಲಕೋಟೆಯ ದೊಡ್ಡ ದವಾಖಾನೆಗೆ ಒಯ್ಯುವಾಗ ದಾರಿಯಲ್ಲೇ ತೀರಿಕೊಂಡ. ಅವನ ನಂತರ ಇನ್ನು ಯಾವ ಯಾವ ಮಕ್ಕಳು ಹೋದರೆಂದು ನಾನು ಕೇಳಲಿಲ್ಲ. ಬರದವರು ಎಲ್ಲಿ ಹೋದರು ಎಂದು ಹುಡುಕಬೇಕೆಂದು ನನಗೆ ಕಲಿಸಿದ್ದರು. ನಾನು ಹುಡುಕಲಿಲ್ಲ.

ಮೇಲಿನವರು ಬಂದು ವಿಚಾರಣೆ ಮಾಡಿದರು. ಕೆಲಸ ಅರ್ಧಕ್ಕೇ ನಿಂತಿತು, ಬಾಯಿಯವರಿಗೆ ವರ್ಗವಾಯಿತು. ಹೋಗುವ ಮುಂಚೆ ಯಾರಿಗೋ ಹೇಳಿ ನನಗೆ ಹುನಗುಂದದ ಕಚೇರಿಯೊಂದರಲ್ಲಿ ಕಾರಕೂನಿಕೆ ಕೊಡಿಸಿಹೋದರು. ಆ ಅನ್ನವನ್ನೇ ನಾನು ನಿವೃತ್ತನಾಗುವವರೆಗೆ ಉಂಡೆ.

ಎಂಬತ್ತರ ದಶಕದ ಕೊನೆಯಲ್ಲಿ ನನಗೂ ಒಬ್ಬ ಮಗಳು ಹುಟ್ಟಿದಳು. ಮಾತು ಬರತೊಡಗಿದಾಗ ಒಂದು ದಿನ ಅವಳಿಗೂ ಮೈಮೇಲೆ ಗಂಧಿ ಎದ್ದವು. ಹೆಂಡತಿ ಕಂಬಳಿ ತಂದಳು. ನಾನು ಅದನ್ನು ಕಸಿದುಕೊಂಡು ಬೀದಿಗೆ ಎಸೆದೆ. ಅಂದು ನಿದ್ದೆ ಬರಲಿಲ್ಲ. ಬಾಯಿಯವರು ಬಾಗಲಕೋಟೆಯಲ್ಲಿ ತಮ್ಮ ಅಣ್ಣನ ಮನೆಯಲ್ಲಿದ್ದಾರೆಂದು ಕೇಳಿದ್ದೆ. ಮುಂಜಾನೆಯ ಬಸ್ ಹತ್ತಿದೆ.

ಹಳೆಯ ಊರು ಅಣೆಕಟ್ಟಿನ ನೀರಿಗೆ ಹೋಗುತ್ತದೆ ಎಂದು ಗೊತ್ತಾಗಿದ್ದ ಕಾಲ. ಜನರ ಮಾತೆಲ್ಲ ಹೊಸದಾಗಿ ಕಟ್ಟುತ್ತಿದ್ದ ನವನಗರದ ಪ್ಲಾಟಿನದೇ. ಬಾಯಿಯವರು ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಆರಿಸುತ್ತಿದ್ದರು. ಕೂದಲು ಬೆಳ್ಳಗಾಗಿತ್ತು, ಎಡಭುಜ ಇನ್ನೂ ಇಳಿದಿತ್ತು.

"ಏ, ಬಾರೋ! ಸೊಳ್ಳಿ ಕಡಿತೇನು?" ಎಂದು ಮೈ ಕುಲುಕಿಸಿ ನಕ್ಕರು.

ನಾನು ನಿಂತಲ್ಲೇ ಎಲ್ಲ ಹೇಳಿದೆ. ಗಂಧಿ, ಹೋಳಿಗೆ, ಕಂಬಳಿ, ಅಕ್ಕ ಹೇಳೆಂದದ್ದು, ನಾನು ಹೇಳದ್ದು. ಹೇಳಿ ಅವರ ಕಾಲಿಗೆ ಬಿದ್ದು, "ತಪ್ಪಾತ್ರಿ ಬಾಯಾರ, ಕ್ಷಮಾ ಮಾಡ್ರಿ" ಎಂದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು. ಬೇಳೆಯಲ್ಲಿ ಕೈ ಹಾಗೇ ನಿಂತಿತ್ತು.

"ನಿಮ್ಮಕ್ಕ ನನ್ನ ಹಂತೇಕ ಬಂದಿದ್ಲು" ಎಂದರು ಕೊನೆಗೆ. "ಮಗಳ ದಿನಕರ್ಮ ಮುಗಿದ ಮರುದಿನ. 'ಗಂಧಿ ಎದ್ದಿದ್ದನ್ನ ನಾ ನೋಡಿದ್ದೆ ಬಾಯಾರ. ಪಿತ್ತ ಅಂದ್ಕೊಂಡು ಯಾರಿಗೂ ಹೇಳಲಿಲ್ಲ. ನನ್ನ ತಮ್ಮಗ ಇದೇನೂ ಗೊತ್ತಿಲ್ಲ' ಅಂದ್ಲು."

ನಾನು ಕಟ್ಟೆಯ ಬುಡದಲ್ಲಿ ನೆಲಕ್ಕೆ ಕೂತೆ.

"ತಾಯೇ ಗಂಧಿ ನೋಡಿ ಮುಚ್ಚಿಟ್ಲು ಅಂತ ನಾ ಓಣ್ಯಾಗ ಹೆಂಗ ಹೇಳ್ಲಿ? ಗಂಡ, ಅತ್ತಿ, ಓಣ್ಯಾಗಿನ ಮಂದಿ, ಎಲ್ಲಾರೂ ಸೇರಿ ಆಕಿನ್ನ ಬದುಕಾಕ ಬಿಡತಿದ್ರ? ಅದಕ್ಕ ನಾ ನಿನ್ನ ಕೇಳಿದ್ದು. ನಿನ್ನ ಕಿವಿಗೂ ಬಿದ್ದಿತ್ತು ಅಂದಿದ್ರ ಸಾಕಿತ್ತು. ತಪ್ಪು ನಮ್ಮ ದವಾಖಾನಿದು ಅಂತ ನಾ ಹೊತ್ಕೊಂಡು ಉಳಿದ ಹುಡುಗರನ್ನ ಕರೀತಿದ್ದೆ. ನೀ ಇಲ್ಲಂದಿ. ಆಕಿನ್ನ ಉಳಸಾಕಂತ ನಾ ಬಾಯಿ ಮುಚ್ಚಿದೆ. ಆ ಹುಡುಗರು ಹೋದ್ರು." ಉಸಿರು ತೆಗೆದುಕೊಂಡರು. "ಈಗ ನೋಡಿದ್ರ ಆಕಿ ನಿನ್ನ ಉಳಸಾಕ ಸುಳ್ಳು ಹೇಳ್ಯಾಳ. ಮಗಳ ಹೆಣದ ಮ್ಯಾಗಿನ ತಪ್ಪನ್ನ ತನ್ನ ತಲಿಗೆ ಕಟ್ಕೊಂಡಾಳ. ನೀ ಯಾರನ್ನ ಉಳಿಸಿದಿ?"

ನಾನು ಕೂತೇ ಇದ್ದೆ.

"ಏಳ್ರಿ" ಎಂದರು. "ನನ್ನ ಕಾಲಿಗೆ ಯಾಕ ಬೀಳ್ತೀರಿ? ಹೋಗ್ರಿ. ಹೋಗಿ ಆಕಿ ಮುಂದ ಕೂಡ್ರಿ."

ಅದೇ ಅವರು ನನಗೆ ಹೇಳಿದ ಕೊನೆಯ ಮಾತು.

ಹೋದೆ. ಆಗ ಅಕ್ಕ ಒಂಟಿಯಾಗಿದ್ದಳು. ಮಗಳು ಹೋದ ಮೇಲೆ ಮಾವ ಕುಡಿತಕ್ಕೆ ಬಿದ್ದು ಸತ್ತಿದ್ದ. ಮತ್ತೆ ಮಕ್ಕಳಾಗಿರಲಿಲ್ಲ. ಬೇರೆಯವರ ಮಗ್ಗಕ್ಕೆ ನೂಲು ಸುತ್ತಿಕೊಟ್ಟು ಬದುಕುತ್ತಿದ್ದಳು. "ಬಾ ತಮ್ಮಾ" ಎಂದು ರೊಟ್ಟಿ ಬಡಿದಳು. ಉಂಡೆ. ಬಂದೆ. ಮತ್ತೆ ಹೋದೆ. ಉಂಡೆ. ಬಂದೆ. ವರ್ಷಗಳು ಹೀಗೆಯೇ ಹೋದವು.

ಒಮ್ಮೆ ಅವಳನ್ನು ಕೂಡಲಸಂಗಮಕ್ಕೆ ಕರೆದೊಯ್ದೆ. ಅಲ್ಲಾದರೂ ಹೇಳಬೇಕೆಂದು ನಿಶ್ಚಯ ಮಾಡಿಕೊಂಡಿದ್ದೆ. ದರ್ಶನ ಮುಗಿಸಿ ಹೊಳೆಯ ಮೆಟ್ಟಿಲ ಮೇಲೆ ಕೂತೆವು. ಎರಡು ಹೊಳೆಗಳ ನೀರು ಕೂಡುವುದನ್ನು ನೋಡುತ್ತ ಅವಳು ತಾನಾಗಿಯೇ ಕೇಳಿದಳು:

"ತಮ್ಮಾ, ಭಾಳ ದಿನದಿಂದ ಏನೋ ಹೇಳಾಕಂತ ಬರ್ತಿ, ಹೇಳದ ಹೊಕ್ಕಿ. ಹೇಳು. ನಾ ಏನೂ ಅನ್ನೂದಿಲ್ಲ."

ಬಾಗಿಲು ತೆರೆದು ಕೊಟ್ಟಿದ್ದಳು. ನಾನು ಒಂದು ಹೆಜ್ಜೆ ಇಟ್ಟಿದ್ದರೆ ಸಾಕಾಗಿತ್ತು.

"ಏನಿಲ್ಲಕ್ಕಾ. ಬಸ್ಸಿಗೆ ಹೊತ್ತಾತು, ಏಳು" ಎಂದೆ.

ಅವಳು ನನ್ನನ್ನು ನೋಡಿದಳು, ಆ ದಿನ ಪಡಸಾಲೆಯಲ್ಲಿ ನೋಡಿದ ಹಾಗೆಯೇ. ಸೆರಗಿನಿಂದ ಮೊಣಕಾಲು ಒರೆಸಿಕೊಂಡು ಎದ್ದಳು. ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಆ ಚಳಿಗಾಲ ಅವಳು ತೀರಿಕೊಂಡಾಗ ಮಣ್ಣು ಹಾಕಲು ನಾನೇ ಹೋದೆ. ಅವಳ ಗುಡಿಸಲಿನ ಗೂಟದಲ್ಲಿ ಆ ಕರಿಕಂಬಳಿ ಇನ್ನೂ ತೂಗುತ್ತಿತ್ತು.

ಡಾಕ್ಟರ್ ಬಾಯಿಯವರ ಬಗ್ಗೆ ಬರೆಯಬೇಕೆಂದು ಕೂತೆ. ಅವರ ಹೆಸರು ಬರೆಯುವುದಿಲ್ಲ ಎಂದಿದ್ದೆ, ಬರೆದಿಲ್ಲ. ಅವರ ಕ್ಷಮೆಯನ್ನಾದರೂ ಒಮ್ಮೆ ಕೇಳಿದ್ದೇನೆ. ಕೇಳದೆ ಉಳಿದದ್ದು ಇನ್ನೊಬ್ಬಳದು. ಇಷ್ಟೂ ಹೊತ್ತು ಅವಳನ್ನು ಬರೀ ಅಕ್ಕ, ಅಕ್ಕ ಎಂದುಕೊಂಡು ಬಂದೆ. ಹೆಸರು ಬರೆಯಲು ಕೈ ಬರಲಿಲ್ಲ.

ನೀಲವ್ವ.